ವೃತ್ತದ ಹಿಂಬದಿಯಿಂದ

ನನ್ನ ಮಗಳಿಗೆ ಗುಂಡು ಎಸೆತ ಕಲಿಸುವವಳು ಹಿಂದೊಮ್ಮೆ ಒಬ್ಬ ಗಂಡಸಿನ ದವಡೆ ಮುರಿದವಳು. ಇದು ತಿಳಿದಾಗ ನನಗೆ ಹೆದರಿಕೆಯಾಗಬೇಕಿತ್ತು. ಬದಲಿಗೆ, ಸರಿಯಾದ ಕಡೆಗೇ ಸೇರಿಸಿದ್ದೇನೆ ಎಂದು ಖುಷಿಯಾಯಿತು.

ಯಾಕೆಂದರೆ ಸ್ವಲ್ಪ ದಿನ ಮೊದಲು, ನಾವು ವಲಸೆ ಬಂದು ನೆಲೆಸಿದ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ, ಹಾಡಹಗಲೇ, ಬಸ್ ಸ್ಟಾಪಿನಲ್ಲಿ ನಿಂತಿದ್ದ ನನ್ನ ಗಂಡನ ಮುಖಕ್ಕೆ ಪುಂಡರು ಗುದ್ದಿದ್ದರು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದು, ನಗುತ್ತಾ ಹೋಗಿದ್ದರು. ಅವನು ಮೈಸೂರಿನ ಸಾಧು ಪ್ರಾಣಿ. ಒಡೆದ ತುಟಿ ಒರೆಸಿಕೊಂಡು, "ಹೋಗ್ಲಿ ಬಿಡೇ, ಏನ್ ಮಾಡಕ್ಕಾಗುತ್ತೆ" ಅಂದ. ಬಿಡುವುದಂತೆ! ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಗಳಾದರೂ ತಿರುಗಿ ಹೊಡೆಯುವುದನ್ನು ಕಲಿಯಲಿ ಎಂದು ಆ ಶನಿವಾರವೇ ಅವಳನ್ನು ಮೈದಾನಕ್ಕೆ ಎಳೆದುಕೊಂಡು ಹೋದೆ.

ಕೋಚ್ ಪೋಲೆಂಡಿನವಳು, ಒಂದು ಕಾಲಕ್ಕೆ ಅಲ್ಲಿನ ಚಾಂಪಿಯನ್. ಈಗ ವಾರವಿಡೀ ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಾಳೆ, ಶನಿವಾರ ಮಕ್ಕಳಿಗೆ ಕಲಿಸುತ್ತಾಳೆ. ತನ್ನ ಕಥೆಯನ್ನು ಒಂದು ದಿನ ತಾನಾಗಿಯೇ ಒರಟು ಇಂಗ್ಲಿಷಿನಲ್ಲಿ ಹೇಳಿದಳು. ಎಸೆಯುವಾಗ ವೃತ್ತದ ಗೆರೆ ತುಳಿದರೆ ಅವಳ ಕೋಚ್ ಕಪಾಳಕ್ಕೆ ಬಿಗಿಯುತ್ತಿದ್ದನಂತೆ. ಇವಳು ಏಟು ತಿಂದಳು, ಗೆದ್ದಳು, ಮತ್ತೆ ತಿಂದಳು. ಕೊರಳಿಗೆ ಪದಕ ಬಿದ್ದ ದಿನವೂ ಕೆನ್ನೆ ಚುರುಗುಡುತ್ತಿತ್ತಂತೆ. ಕಡೆಗೊಂದು ದಿನ ಅವನು ಹೊಸದಾಗಿ ಬಂದ ಎಳೆಯ ಹುಡುಗಿಯೊಬ್ಬಳಿಗೆ ಹೊಡೆದ. ಇವಳ ಕೈ ಎದ್ದಿತು. ಕೇಸು, ನಿಷೇಧ, ಅಲ್ಲಿಗೆ ಆಟ ಮುಗಿಯಿತು.

"ಒಳ್ಳೇದೇ ಮಾಡಿದ್ರಿ," ಅಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಅಷ್ಟು ವರ್ಷ ಎಸೆದಿದ್ದನ್ನೆಲ್ಲ ಜನ ಮರೆತ್ರು. ಆ ಒಂದು ಏಟು ಮಾತ್ರ ನೆನಪಿಟ್ಕೊಂಡ್ರು. ನಿನ್ನ ಮಗಳಿಗೆ ಅದು ಬೇಡ."

ನನ್ನ ಮಗಳ ಕೈ ಚೆನ್ನಾಗಿತ್ತು, ಕಾಲೇ ಕೇಳುತ್ತಿರಲಿಲ್ಲ. ಗುಂಡು ನೆಲಕ್ಕೆ ಬೀಳುವವರೆಗೆ ವೃತ್ತದೊಳಗೇ ನಿಲ್ಲಬೇಕು, ಆಮೇಲೆ ಹಿಂಬದಿಯಿಂದ ಹೊರಬರಬೇಕು. ಇವಳು ಪ್ರತಿ ಸಲವೂ ಆವೇಶದಲ್ಲಿ ಮುಂದಕ್ಕೆ ನುಗ್ಗುವಳು, ಎಸೆತ ಲೆಕ್ಕಕ್ಕೆ ಬರದೆ ಹೋಗುವುದು. ರಕ್ತ ನನ್ನದೇ ಅಲ್ಲವೇ! "ಹಿಂದಿನಿಂದ!" ಎಂದು ಕೋಚ್ ಗಂಟಲು ಹರಿದುಕೊಳ್ಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಮೂವರು ಪುಂಡರು ಬೇಲಿ ಹಾರಿ ಬಂದರು. "ನಿಮ್ಮ ದೇಶಕ್ಕೆ ಹೋಗ್ರೋ" ಎಂಬ ಕೂಗು, ಜೊತೆಗೆ ಹೊಲಸು ಬೈಗುಳ. ಒಬ್ಬ ಬೀಸಿದ ಕಲ್ಲು ನನ್ನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿದು ಲೋಕವೆಲ್ಲ ಕೆಂಪಾಯಿತು. ಮಗಳು ವೃತ್ತದಲ್ಲಿ ಕಬ್ಬಿಣದ ಗುಂಡನ್ನು ಕೊರಳಿಗೆ ಒತ್ತಿಕೊಂಡು ನಿಂತಿದ್ದಳು. ಮೈದಾನಕ್ಕೆ ಬೆನ್ನು ಮಾಡಿ ಕಲ್ಲು ಬೀಸಿದವನ ಕಡೆ ತಿರುಗಿದಳು. ಅವನಿದ್ದದ್ದು ನಾಲ್ಕು ಮಾರು ದೂರದಲ್ಲಿ.

"ಹಾಕೇ! ಅವ್ನ ತಲೆಗೇ ಹಾಕು!" ಎಂದು ಕಿರುಚಿದೆ. ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ನನ್ನ ಕನ್ನಡ ಕೇಳಿ ಎಸೆಯಲು ಮೊಣಕಾಲು ಬಗ್ಗಿಸಿದಳು.

ಕೋಚ್‌ಗೆ ಕನ್ನಡ ಬಾರದು, ಆದರೆ ಅರ್ಥವಾಗಿರಬೇಕು. ದಾಪುಗಾಲು ಹಾಕಿ ಬಂದು ಅವರಿಗೆ ಬೆನ್ನು ಕೊಟ್ಟು, ಮಗಳ ಎದುರಿಗೆ ಗೋಡೆಯ ಹಾಗೆ ನಿಂತಳು. ಒಂದು ಕಲ್ಲು ಅವಳ ಬೆನ್ನಿಗೆ ಬಿತ್ತು. ಆಮೇಲೆ ಒಂದು ಬಾಟಲಿ ತಲೆಯ ಹಿಂಭಾಗಕ್ಕೆ ಬಡಿದು ಚೂರಾಯಿತು. ಅವಳ ಮುಷ್ಟಿ ಬಿಗಿಯಿತು. ಆದರೂ ತಿರುಗಲಿಲ್ಲ.

"ಮೈದಾನ ಆ ಕಡೆ ಇದೆ," ಅಂದಳು. "ಎಸಿ."

ಮಗಳು ಪ್ರಾಣ ಹೋಗುವ ಹಾಗೆ ಕೂಗಿ, ಆ ಕಡೆ ತಿರುಗಿ ಎಸೆದಳು. ಗುಂಡು ಧಡ್ಡೆಂದು ಬಿದ್ದು ಕೆಸರು ಸಿಡಿಯಿತು. ನೆಲದಲ್ಲಿ ಬಿದ್ದ ತಗ್ಗು ನೋಡಿ ಪುಂಡರು ಹಿಂದೆ ಸರಿದರು. ಬೇಲಿ ಹಾರಿ ಓಡಿದರು. ಅಟ್ಟಿಸಿಕೊಂಡು ಹೋಗಲು ಮಗಳು ಕಾಲೆತ್ತಿದಳು.

"ಹಿಂದಿನಿಂದ!"

ಎತ್ತಿದ ಕಾಲು ಹಾಗೇ ನಿಂತಿತು. ಅವಳು ತಿರುಗಿ ಹಿಂಬದಿಯಿಂದ ಹೊರಗೆ ಬಂದಳು.

ಆಸ್ಪತ್ರೆಯಲ್ಲಿ ನನಗೂ ಕೋಚ್‌ಗೂ ಹೊಲಿಗೆ ಹಾಕಿದರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಪೊಲೀಸಿನವಳು ಬಂದು ಕೋಚ್ ಹತ್ತಿರ ಕೇಳಿದಳು, "ನೀವು ಯಾರಿಗಾದ್ರೂ ಹೊಡೆದ್ರಾ?"

ಅವಳು ಎರಡೂ ಅಂಗೈ ಚಾಚಿ ತೋರಿಸಿದಳು. "ಇಲ್ಲ. ಈ ಸಲ ಇಲ್ಲ," ಅಂದವಳೇ ಗೊಳೋ ಎಂದು ಅತ್ತುಬಿಟ್ಟಳು.

ಪಕ್ಕದಲ್ಲಿದ್ದ ಮಗಳು ಯಾರೂ ಕೇಳದೆಯೇ ತನ್ನ ಅಂಗೈಗಳನ್ನೂ ಚಾಚಿದಳು. ನಾನು ಬಗ್ಗಿ ನೋಡಿದೆ. ಮಣ್ಣು ಬಿಟ್ಟರೆ ಅವುಗಳಲ್ಲಿ ಏನೂ ಇರಲಿಲ್ಲ.