ರುಚಿ ನೋಡುವ ಕೆಲಸ

ನಮ್ಮ ಮನೆಯವರಿಗೆ ಎದೆನೋವು ಬಂದದ್ದು ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಮೇಲೆ, ಬೆಳಗಿನ ಗರ್ದಿಯಲ್ಲಿ. ಮುಂಬಯಿ ಪಕ್ಕದ ಠಾಣೆ ನಗರದ ನೌಪಾಡಾದ ಒಂದು ಹೋಟೆಲಿನಲ್ಲಿ ಅವರು ಮ್ಯಾನೇಜರ್. ಆ್ಯಸಿಡಿಟಿ ಇರಬೇಕು ಅಂದುಕೊಂಡು ಮೆಟ್ಟಿಲ ಮೇಲೆ ಸ್ವಲ್ಪ ಕೂತು, ಮುಂದಿನ ಲೋಕಲ್ ಹಿಡಿದು ಕೆಲಸಕ್ಕೇ ಹೋದರಂತೆ. ಮಧ್ಯಾಹ್ನ ನಾನು ವಾಗ್ಳೆ ಎಸ್ಟೇಟಿನ ನನ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಾಗ ಅವರ ಹೋಟೆಲಿನ ಮಾಲೀಕ ಸೇಠರ ಫೋನ್ ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಅವರನ್ನು ಒಳಗೆ ಕರೆದೊಯ್ದಾಗಿತ್ತು. ಸ್ಟೆಂಟ್ ಹಾಕಿದರು. ಎರಡು ಸಾವಿರದ ಹತ್ತರ ಆಚೀಚಿನ ಮಾತು ಇದು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ಯಾರಿಗೂ ನಂಬಿಕೆ ಬರಲಿಲ್ಲ. ಬೆಲ್ಟಿಗೆ ಹೊಸ ತೂತು ಹೊಡೆಸಿಕೊಳ್ಳುವಷ್ಟು ಸಪೂರ ಆಳು. ಮನೆಯಲ್ಲಿ ಅವರು ಉಣ್ಣುವುದೂ ಅಷ್ಟಕ್ಕಷ್ಟೆ. ಹಾಗಾಗಿ ಎಲ್ಲರ ಕಣ್ಣು ನನ್ನ ಅಡುಗೆಮನೆಯ ಮೇಲೆ ಬಿತ್ತು.

ಉಡುಪಿ ಕಡೆಯಿಂದ ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ನೀವು ಆಫೀಸು ಆಫೀಸು ಅಂತ ಓಡ್ತೀರಿ. ಅಣ್ಣನಿಗೆ ಎಂತ ಬೇಯಿಸಿ ಹಾಕ್ತೀರಿ, ಹೇಗೆ ಹಾಕ್ತೀರಿ ಅಂತ ನಮಗೆಂತ ಗೊತ್ತು?" ಹೂಂ ಅಂದು ಫೋನ್ ಇಟ್ಟೆ.

ಮರುವಾರವೇ ಅತ್ತೆ ಬಂದರು, ಗಾಣದ ತೆಂಗಿನೆಣ್ಣೆಯ ಕ್ಯಾನ್ ಸಮೇತ. ಆದರೆ ಆಸ್ಪತ್ರೆಯವರು ತೆಂಗಿನೆಣ್ಣೆ ಬೇಡ, ಕಾಯಿ ಕಡಿಮೆ ಮಾಡಿ, ಜಿಡ್ಡು ಬಿಡಿ ಎಂದು ಹೇಳಿ ಕಳಿಸಿದ್ದರು. ಹೆದರಿದ್ದ ನಾನು ಒಂದನ್ನೂ ಉಳಿಸಲಿಲ್ಲ. ತುಪ್ಪ ನಿಲ್ಲಿಸಿದೆ, ಕಾಯಿ ನಿಲ್ಲಿಸಿದೆ, ಬಂಗುಡೆ ಬೂತಾಯಿಯಲ್ಲಿ ಎಣ್ಣೆಯಂಶ ಹೆಚ್ಚು ಎಂದು ಮೀನನ್ನೂ ನಿಲ್ಲಿಸಿದೆ. ಮೊದಲು ಸೂರ್ಯಕಾಂತಿ ಎಣ್ಣೆ ತಂದೆ. ಪಕ್ಕದ ಫ್ಲ್ಯಾಟಿನವರು ಅಕ್ಕಿ ತೌಡಿನೆಣ್ಣೆ ಒಳ್ಳೆಯದೆಂದಾಗ ಅದನ್ನು ತಂದೆ. ಆಮೇಲೆ ಆಫೀಸಿನಲ್ಲಿ ಯಾರೋ ಆಲಿವ್ ಎಣ್ಣೆಯ ಮಾತೆತ್ತಿದರು. ಒಗ್ಗರಣೆಗೆ ಅದನ್ನು ಹಾಕಿದ ದಿನ ಮನೆಯಲ್ಲಿ ಯಾರೂ ಎರಡನೇ ಸಲ ಸಾರು ಬಡಿಸಿಕೊಳ್ಳಲಿಲ್ಲ.

ಅತ್ತೆ ತಟ್ಟೆ ಸರಿಸಿ ಹೇಳುತ್ತಿದ್ದರು, "ಕಾಯಿ ಹಾಕದ ಪದಾರ್ಥ ಹೇಗೆ ಉಣ್ಣುವುದು ಮಾರಾಯ್ತಿ? ನಾವೆಲ್ಲ ತೆಂಗಿನೆಣ್ಣೆಯಲ್ಲೇ ಬದುಕಿದವರಲ್ವಾ?"

ಅತ್ತೆಗೆ ಬೇರೆ ಮಾಡತೊಡಗಿದೆ. ಕಾಲೇಜಿಗೆ ಹೋಗುವ ಮಗಳಿಗೆ ಇಬ್ಬರದ್ದೂ ಬೇಡ, ಅವಳಿಗೊಂದು ಬೇರೆ. ಬೆಳಿಗ್ಗೆ ಒಲೆಯ ಮುಂದೆ, ಆಮೇಲೆ ಲೋಕಲಿನಲ್ಲಿ ಕಂಬಿಗೆ ಜೋತು, ಸಂಜೆ ಮತ್ತೆ ಒಲೆಯ ಮುಂದೆ. ಉಪ್ಪು ಹಾಕಿದೆನೋ ಇಲ್ಲವೋ ನನಗೇ ನೆನಪಿರುತ್ತಿರಲಿಲ್ಲ. ಹೀಗೆ ವರ್ಷ ಕಳೆಯಿತು. ಇವರ ಕೊಲೆಸ್ಟರಾಲ್ ಮಾತ್ರ ಇಳಿಯಲೇ ಇಲ್ಲ. ಮಾತ್ರೆ ನುಂಗುತ್ತಿದ್ದರು, ರಿಪೋರ್ಟ್ ಬಂದಾಗಲೆಲ್ಲ ಅತ್ತೆ ನನ್ನ ಮುಖ ನೋಡುತ್ತಿದ್ದರು.

ಕೊನೆಗೆ ನವಿ ಮುಂಬಯಿಯ ವಾಶಿಯಲ್ಲಿ ಬೇರೆ ಡಾಕ್ಟರಿಗೆ ತೋರಿಸಿದೆವು. ನಡುವಯಸ್ಸಿನ ಮರಾಠಿ ಹೆಂಗಸು. ಅತ್ತೆಯೂ ಹಟ ಹಿಡಿದು ಜೊತೆಗೆ ಬಂದಿದ್ದರು. ಮನೆಯ ಊಟದ ವಿವರವನ್ನೆಲ್ಲ ನಾನು ಒಪ್ಪಿಸಿದೆ. ಡಾಕ್ಟರು ಕೇಳಿಸಿಕೊಂಡು ಇವರತ್ತ ತಿರುಗಿ, ಹಿಂದಿಯಲ್ಲಿ, "ದಿನವಿಡೀ ಹೋಟೆಲಿನಲ್ಲಿರುತ್ತೀರಲ್ಲ, ಅಲ್ಲಿ ಏನು ತಿನ್ನುತ್ತೀರಿ?" ಎಂದರು.

"ಏನೂ ಇಲ್ಲ. ಚಹಾ, ಅಷ್ಟೇ."

ನನಗೆ ತಡೆಯಲಾಗಲಿಲ್ಲ. "ಬೆಳಿಗ್ಗೆ ಎಲ್ಲದರ ರುಚಿ ನೋಡ್ತೀರಲ್ಲ?"

ಇವರು ನಿಜಕ್ಕೂ ಆಶ್ಚರ್ಯಪಟ್ಟು ನನ್ನನ್ನು ನೋಡಿದರು. "ಅದು ತಿನ್ನುವುದು ಎಂತ? ಅದು ಕೆಲಸ ಅಲ್ವಾ?"

ಡಾಕ್ಟರು ಬಿಡಲಿಲ್ಲ, ಒಂದೊಂದಾಗಿ ಕೇಳಿದರು. ಬಾಣಲೆಯಿಂದ ವಡೆಯ ಮೊದಲ ಘಾಣ ಇಳಿದಾಗ ಒಂದು. ಪೂರಿ, ಬನ್ಸ್, ಗೋಳಿಬಜೆ. ಸಂಜೆ ಹೊಸದಾಗಿ ಕರಿದರೆ ಮತ್ತೊಂದು. ಮಿಠಾಯಿ ಹದಕ್ಕೆ ಬಂದಿದೆಯೋ ನೋಡಲು ಒಂದು ತುಂಡು. ಗಿರಾಕಿ ದೂರು ಹೇಳಿದರೆ ಅದೇ ತಿಂಡಿಯನ್ನು ಒಲೆಯಿಂದ ಇನ್ನೊಂದು ತರಿಸಿ ತಿಂದು ನೋಡುವುದು. ಚಹಾದ ಜೊತೆ ಖಾರಿ ಬಿಸ್ಕಿಟ್. ಇವರು ಹೇಳುತ್ತ ಹೋದಂತೆ ದನಿ ಸಣ್ಣದಾಯಿತು. ತಾವು ಇಷ್ಟು ತಿನ್ನುತ್ತಿರುವುದು ಅವರಿಗೂ ಆಗಷ್ಟೇ ಗೊತ್ತಾದಂತಿತ್ತು.

"ಕರಿಯುವುದು ಯಾವುದರಲ್ಲಿ?"

"ವನಸ್ಪತಿ. ಗರಿಗರಿ ಉಳೀತದೆ."

ಡಾಕ್ಟರು ನಮಗೆ ತಿಳಿಯುವಂತೆ ಬಿಡಿಸಿ ಹೇಳಿದರು. ವನಸ್ಪತಿ ಮಾಡಲು ಎಣ್ಣೆಯನ್ನು ಫ್ಯಾಕ್ಟರಿಯಲ್ಲಿ ಗಟ್ಟಿ ಮಾಡುವಾಗ ಅದರಲ್ಲಿ ಒಂದು ಬಗೆಯ ಕೊಬ್ಬು ಹುಟ್ಟುತ್ತದೆ. ಅದು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ ಕೂಡ. ತೆಂಗಿನೆಣ್ಣೆಯೂ ಏರಿಸುತ್ತದೆ, ಅದನ್ನು ಮಿತಿಯಲ್ಲಿಟ್ಟದ್ದು ಸರಿಯೇ, ಆದರೆ ಹೆಚ್ಚು ಕೆಡುಕಿನದು ಇದು. ಮೀನು ಬಿಟ್ಟಿದ್ದು ಮಾತ್ರ ತಪ್ಪು. ಬಂಗುಡೆಯ ಕೊಬ್ಬು ಹೃದಯಕ್ಕೆ ಒಳ್ಳೆಯದೇ, ಹುರಿಯದೆ ಸಾರು ಮಾಡಿ ಕೊಡಿ.

ಇಷ್ಟು ದಿನದ ನನ್ನ ಕಷ್ಟವೆಲ್ಲ ದಂಡವಾಯಿತೇ ಎಂದು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುರ್ಚಿಗೆ ಒರಗಿ ಕೂತೆ, ಅಷ್ಟೆ.

ಆಗ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. "ನಿಮ್ಮ ತಂದೆ ಹೇಗೆ ತೀರಿಕೊಂಡರು?"

ಇವರು ಅತ್ತೆಯ ಕಡೆ ನೋಡಿದರು. ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು, "ಗದ್ದೆಯಿಂದ ಬಂದು ಜಗಲಿಯಲ್ಲಿ ಕೂತರು. ಎದೆ ಹಿಡಿದ ಹಾಗೆ ಆಗ್ತದೆ, ನೀರು ಕೊಡು ಅಂದರು. ನೀರು ತರುವಾಗ ಇರಲಿಲ್ಲ. ಇವನಿಗೆ ಆಗ ಹಾಲುಹಲ್ಲು," ಎಂದರು. "ಅವರೂ ಸಪೂರವೇ."

ಇದು ರಕ್ತದಲ್ಲೇ ಬಂದಿರಬಹುದು, ಕೆಲವು ಮನೆತನಗಳಲ್ಲಿ ಏನೂ ತಿನ್ನದಿದ್ದರೂ ದೇಹವೇ ಕೊಲೆಸ್ಟರಾಲ್ ಕೂಡಿಹಾಕುತ್ತದೆ, ಮಗಳದ್ದೂ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಇವರ ಮಾತ್ರೆಯನ್ನೂ ಬದಲಾಯಿಸಿದರು.

ಬಸ್ ಸ್ಟಾಪಿನಲ್ಲಿ ಅತ್ತೆ ಬೆಂಚಿನ ಮೇಲೆ ಕೂತರು. ನಾದಿನಿಗೆ ಇದನ್ನೆಲ್ಲ ಹೇಗೆ ಹೇಳಬೇಕೆಂದು ನಾನು ಒಳಗೊಳಗೇ ಸಾಲು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದರು.

"ಊರಲ್ಲಿ ಎಲ್ಲ ಹೇಳಿದ್ದರು, ನನ್ನ ಕಾಲುಗುಣ ಅಂತ. ಚಿಕ್ಕ ವಯಸ್ಸಲ್ಲಿ ಗಂಡನನ್ನು ತಿಂದವಳು ಅಂತ. ನಾನೂ ಹೌದೋ ಏನೋ ಅಂದ್ಕೊಂಡಿದ್ದೆ." ನನ್ನ ಕೈ ಬಿಡದೆ, "ನಿನಗೂ ನಾನು ಅದೇ ಮಾಡಿದೆ ಅಲ್ವಾ?" ಎಂದರು.

ಬಸ್ ಬಂತು. ಅವರನ್ನು ಹಿಡಿದು ಹತ್ತಿಸಿದೆ.

ಮಗಳ ರಕ್ತದಲ್ಲೂ ಅದೇ ಸಿಕ್ಕಿತು. ಕಡ್ಡಿಯಂತಿದ್ದ ಹುಡುಗಿ. ರಿಪೋರ್ಟ್ ಹಿಡಿದು ನಾನು ಅಳುತ್ತಿದ್ದರೆ, ಅವಳು ಮೊಬೈಲಿನಿಂದ ತಲೆ ಎತ್ತಿ, "ಮಮ್ಮಿ, ಟೆನ್ಶನ್ ಮತ್ ಲೇ. ಟೈಮ್ ಪೆ ಪತಾ ಚಲಾ ನಾ?" ಎಂದಳು. ಸರಿಯಾದ ಸಮಯಕ್ಕೆ ಗೊತ್ತಾಯಿತು ಎಂಬುದು ನಿಜವೇ. ಆದರೂ ಆ ವಯಸ್ಸಿಗೆ ಮಾತ್ರೆ ಬೇಕಾಗುವುದೆಂದರೆ ತಾಯಿಗೆ ಹೇಗಾದೀತು.

ಇವರು ಸೇಠರಿಗೆ ವನಸ್ಪತಿ ಬಿಟ್ಟು ಎಣ್ಣೆ ಬಳಸೋಣ ಎಂದು ಹೇಳಿ ನೋಡಿದರು. ಗಿರಾಕಿ ಬಿಟ್ಟುಹೋಗ್ತಾನೆ ಎಂದರಂತೆ ಅವರು. ಇವರು ರುಚಿ ನೋಡುವುದನ್ನೇ ಬಿಟ್ಟರು, ಆದರೆ ರುಚಿ ನೋಡದ ಮ್ಯಾನೇಜರನ್ನು ಅಡುಗೆಯವರು ಲೆಕ್ಕಕ್ಕಿಡುವುದಿಲ್ಲ. ಕೆಲವು ತಿಂಗಳು ಹಾಗೂ ಹೀಗೂ ನಡೆಸಿ, ಪಕ್ಕದ ಕಲ್ಯಾಣ ಪಟ್ಟಣದಲ್ಲಿ ಪರಿಚಯದವರ ಲಾಡ್ಜಿನಲ್ಲಿ ಕೌಂಟರಿನ ಕೆಲಸಕ್ಕೆ ಸೇರಿದರು. ಅಲ್ಲಿ ಅಡುಗೆಮನೆಯೇ ಇಲ್ಲ. ಆರೋಗ್ಯ ಸುಧಾರಿಸಿತು, ರಿಪೋರ್ಟ್ ಮೆಲ್ಲಗೆ ಇಳಿಯಿತು. ಮಾತು ಕಡಿಮೆಯಾಯಿತು. ಇಂದಿನ ಸಾಂಬಾರ್ ಹೇಗಿತ್ತು, ಯಾವ ಭಟ್ಟರ ಕೈ ಕೆಟ್ಟಿದೆ ಎಂದು ಮನೆಗೆ ಬಂದು ಹೇಳುತ್ತಿದ್ದವರಿಗೆ ಈಗ ಹೇಳಲು ಏನೂ ಇರುತ್ತಿರಲಿಲ್ಲ.

ಅಡುಗೆಮನೆಗೆ ಬಂಗುಡೆ ಮರಳಿತು. ಅತ್ತೆ ಕಾಯಿ ಕಡಿಮೆ ಹಾಕಿ, ಹುಳಿ ಮೆಣಸು ಮುಂದು ಮಾಡಿ ಸಾರು ಮಾಡುವುದನ್ನು ಅಭ್ಯಾಸ ಮಾಡಿಕೊಂಡರು. ಈಗ ಎಲ್ಲರಿಗೂ ಒಂದೇ ಪಾತ್ರೆ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಅನ್ನ ಆಗಿರುತ್ತದೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಫ್ಯಾನಿನ ಕೆಳಗೆ ನೆಲಕ್ಕೆ ಕೂರುತ್ತೇನೆ. ಅವರು ಬಡಿಸುವವರೆಗೆ ಏಳುವುದಿಲ್ಲ.