ಪಾಸ್ ಕೊಟ್ಟ ಮೇಲೆ

ಚಾಮರಾಜಪೇಟೆಯ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕೋಚ್, ಒಂದು ಒಳ್ಳೆಯ ಮಾತಾಡಿದರೆ ಬಾಯಲ್ಲಿರುವ ಮುತ್ತು ಉದುರಿಹೋಗುತ್ತದೇನೋ ಎಂಬಂತೆ ಇದ್ದವರು. ಯಾವ ಹುಡುಗ ಸೀನಿಯರ್ ತಂಡಕ್ಕೆ ತಯಾರಾಗಿದ್ದಾನೆ ಎಂದು ಹೇಳಬೇಕಾದವರು ಅವರೊಬ್ಬರೇ. ಆದರೆ ನನ್ನ ಮಗನಂಥ ಮಿಡ್‌ಫೀಲ್ಡ್ ಹುಡುಗರು ಆಡುವಾಗ ಆ ಮನುಷ್ಯ ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಕಡಲೆಕಾಯಿ ಸುಲಿಯುತ್ತಾ, ಚೆಂಡು ಒದ್ದು ಮುಗಿಸಿದ ಹುಡುಗನನ್ನೇ ದಿಟ್ಟಿಸುತ್ತಿದ್ದರು. ನಾವು ಅಪ್ಪಂದಿರು ಚಪ್ಪಾಳೆ ತಟ್ಟಿದರೆ, ಅಂಗೈಯ ಸಿಪ್ಪೆಯನ್ನು ಉಫ್ ಎಂದು ಊದಿ, "ಪಾಸ್ ಕೊಟ್ಟ. ಆಮೇಲೆ?" ಎನ್ನುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಭಾನುವಾರ ವಿ.ವಿ. ಪುರಂನ ತಿಂಡಿ ಬೀದಿಯಲ್ಲಿ ಅವರು ದೋಸೆ ತಿನ್ನುತ್ತಾ ನಿಂತಿದ್ದಾಗ, ಮಗನ ಆಟದ ತುಣುಕುಗಳಿಗೆ ಹಾಡು ಸೇರಿಸಿ ನಾನೇ ಮಾಡಿದ್ದ ವಿಡಿಯೊವನ್ನು ಅವರ ಮುಖದ ಮುಂದೆ ಹಿಡಿದೆ. ಪೂರ್ತಿ ನೋಡಿದರು.

"ಎಲ್ಲಾನೂ ಪಾಸ್ ಕೊಟ್ಟ ತಕ್ಷಣ ಕಟ್ ಮಾಡಿದೀರಲ್ಲ ಸಾರ್. ಆಮೇಲೆ ಏನ್ ಮಾಡ್ದ?"

"ಆಮೇಲೆ ಚೆಂಡು ಇವನ ಹತ್ರ ಇರಲ್ವಲ್ಲ ಸಾರ್!" ಎಂದೆ.

"ಅದಕ್ಕೇ ಕೇಳಿದ್ದು," ಎಂದು ಇನ್ನಷ್ಟು ಚಟ್ನಿ ಹಾಕಿಸಿಕೊಳ್ಳಲು ಹೋದರು.

ಎಂಥಾ ಕೊಬ್ಬಿನ ಮುದುಕ ಎಂದು ಬೈದುಕೊಂಡೇ ಮನೆಗೆ ಬಂದೆ. ಅವರ ಬಾಯಿ ಮುಚ್ಚಿಸಲೆಂದೇ, ಕತ್ತರಿಸದ ರೆಕಾರ್ಡಿಂಗ್ ಹುಡುಕಿ ಹಾಕಿದೆ. ಪಾಸ್ ಕೊಟ್ಟ ಮೇಲೆ ಮಗ ಓಡುವುದೇ ಇಲ್ಲ. ಪ್ರತಿ ಸಲವೂ ಸೊಂಟದ ಮೇಲೆ ಕೈಯಿಟ್ಟು ನಿಂತು, ನನ್ನ ಮೊಬೈಲ್ ಕಡೆಗೆ ತಿರುಗಿ ನೋಡುತ್ತಾನೆ. ಪ್ರತಿ ಸಲವೂ ನನ್ನದೇ ದನಿ ಕೇಳಿಸುತ್ತದೆ: "ಬಂತು ಕಣೋ, ವಿಡಿಯೋಲಿ ಸೂಪರಾಗ್ ಬಂತು!"