ದುರಗವ್ವ ಬಿಟ್ಟಿದ್ದ ರಾತ್ರಿಯೂಟ

ಯಮನೂರಿನ ಬದಿಯ ಆ ಊರಿನಲ್ಲಿ ದುರಗವ್ವನ ಮನೆ ಯಾವುದೆಂದು ಕೇಳಿದರೆ, "ರಾತ್ರಿ ಉಣ್ಣಂಗಿಲ್ಲಲ್ರಿ, ಆ ಮುದುಕಿ ಮನಿ ಏನ್ರಿ?" ಎಂದು ಮಕ್ಕಳು ತಿರುಗಿ ಕೇಳುತ್ತಿದ್ದರು. ಆಕೆಯ ಹೆಸರಿಗಿಂತ ಆಕೆಯ ಒಪ್ಪತ್ತೇ ಊರಲ್ಲಿ ಹೆಚ್ಚು ಓಡಾಡಿತ್ತು. ಹಗಲು ಒಂದು ಊಟ, ಹೊತ್ತು ಮುಳುಗುವಾಗ ಒಂದು ಕಪ್ ಚಹಾ, ಅಲ್ಲಿಗೆ ಮುಗಿಯಿತು.

ಮೊದಲು ಬಿಟ್ಟದ್ದು ಬದನೆಕಾಯಿ. ಮದುವೆಯಾಗಿ ಬಹಳ ದಿನವಾದರೂ ಮಕ್ಕಳಾಗದಿದ್ದಾಗ ಆಕೆಯ ಅತ್ತೆ, "ಮನಸಿಗಿ ಬೇಕಾದ್ದೊಂದ ಬಿಡ ಬೇ, ದೇವ್ರ ಕಣ್ಣ ತಗೀತಾನ" ಎಂದಿದ್ದಳು. ಬಿಟ್ಟಳು. ಯಲ್ಲೇಶ ಹುಟ್ಟಿದ. ಮುಂದೆ ಗಂಡ ಹನಮಪ್ಪ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಾಗ ಬೆಲ್ಲ ಬಿಟ್ಟಳು. ಹನಮಪ್ಪ ಉಳಿಯಲಿಲ್ಲ, ಆದರೂ ಬೆಲ್ಲವನ್ನು ಮತ್ತೆ ಮುಟ್ಟಲಿಲ್ಲ. ಸತ್ತವನ ಹೆಸರಿನಲ್ಲಿ ಬಿಟ್ಟದ್ದನ್ನು ಯಾವ ಬಾಯಿಂದ ತಿನ್ನುವುದು?

ರಾತ್ರಿಯೂಟ ಬಿಟ್ಟದ್ದು ಯಲ್ಲೇಶನ ಸಲುವಾಗಿ. ಅಂವ ಹತ್ತಿ ತುಂಬಿದ ಟೆಂಪೋ ಹೊಡೆದುಕೊಂಡು ಹೋಗುವಾಗ ಅಣ್ಣಿಗೇರಿಯ ದಾರಿಯಲ್ಲಿ ಗಾಡಿ ಪಲ್ಟಿಯಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮಗ ಎಚ್ಚರವಿಲ್ಲದೆ ಮಲಗಿದ್ದಾಗ ಈಕೆ ಯಮನೂರಿನ ದರ್ಗಾಕ್ಕೆ ಬರಿಗಾಲಲ್ಲಿ ಹೋಗಿ ಸೆರಗು ಒಡ್ಡಿ ನಿಂತಳು. "ಇವನ್ನ ಉಳಸಿ ಕೊಡು. ಇವತ್ತಿನಿಂದ ಹೊತ್ತು ಮುಳುಗಿದ ಮ್ಯಾಲ ಒಂದ ತುತ್ತ ನಾ ಮುಟ್ಟಂಗಿಲ್ಲ." ಯಲ್ಲೇಶ ಉಳಿದ. ಒಂದು ಕಾಲು ಸ್ವಲ್ಪ ಎಳೆಯುತ್ತದೆ ಅಷ್ಟೇ, ಇವತ್ತಿಗೂ ಅದೇ ದಾರಿಯಲ್ಲಿ ಗಾಡಿ ಹೊಡೆಯುತ್ತಾನೆ. ಅಂವ ಗಾಡಿ ಹತ್ತಿದ ಪ್ರತಿ ದಿನವೂ ತನ್ನ ಖಾಲಿ ಹೊಟ್ಟೆಯೇ ಅವನನ್ನು ಕಾಯುತ್ತದೆ ಎಂದು ದುರಗವ್ವ ನಂಬಿದ್ದಳು.

ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಇದು ಹೇಗೋ ನಡೆಯುತ್ತಿತ್ತು. ಚಳಿಗಾಲದಲ್ಲಿ ಜೀವ ಹಿಂಡುತ್ತಿತ್ತು. ದಿನವಿಡೀ ಎರೆಹೊಲದಲ್ಲಿ ಹತ್ತಿ ಬಿಡಿಸಿ, ಒಣಗಾಳಿಗೆ ತುಟಿ ಹಿಮ್ಮಡಿ ಒಡೆದುಕೊಂಡು ಬಂದು ಒಲೆಯ ಮುಂದೆ ಕೂತರೆ, ಸೊಸೆ ಮಲ್ಲಮ್ಮ ಬಡಿಯುತ್ತಿದ್ದ ಬಿಸಿ ರೊಟ್ಟಿಯ ವಾಸನೆ ಹೊಟ್ಟೆಯ ಒಳಗೆ ಕೈ ಹಾಕಿ ಎಳೆಯುತ್ತಿತ್ತು. ಆಗ ದುರಗವ್ವ ಕೌದಿಯನ್ನು ಬಿಗಿಯಾಗಿ ಹೊದ್ದುಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಉಳಿದವರು ಉಂಡು ಕೈ ತೊಳೆಯುವ ಹೊತ್ತಿಗೆ ಹಸಿವು ತಾನಾಗಿಯೇ ಸುಮ್ಮನಾಗುತ್ತಿತ್ತು. ಅದು ಸುಮ್ಮನಾದಾಗ ಆಕೆಗೆ ಒಂದು ಸುಖ ಆಗುತ್ತಿತ್ತು. ಇದ್ದದ್ದು ತುಂಡು ಹೊಲ, ಒಂದು ತಗಡಿನ ಮನೆ. ಜೀವನದಲ್ಲಿ ಯಾರೂ ಆಕೆಯ ಮಾತು ಕೇಳಿರಲಿಲ್ಲ, ಆದರೆ ಹಸಿವು ಕೇಳುತ್ತಿತ್ತು. ಈ ಸುಖವನ್ನು ಆಕೆ ಯಾರ ಮುಂದೆಯೂ ಆಡಿದವಳಲ್ಲ.

ಮೊಮ್ಮಗಳು ನೇತ್ರಾ ಒಂಬತ್ತನೆಯ ಇಯತ್ತೆ. ದಿನಾ ಬಸ್ಸು ಹಿಡಿದು ನವಲಗುಂದದ ಸಾಲೆಗೆ ಹೋಗಿ ಬರುವ ಹುಡುಗಿ. ದೀಪಾವಳಿ ಕಳೆದ ಮೇಲೆ ಒಂದು ದಿನ, "ಆಯಿ, ನಾನೂ ಸೋಮವಾರ ಹಿಡೀತೀನಿ" ಎಂದಳು. ದುರಗವ್ವನಿಗೆ ಹಿಗ್ಗೋ ಹಿಗ್ಗು. ಹೊಲದಲ್ಲಿ, ನೀರಿನ ನಳದ ಹತ್ತಿರ, ಕಂಡ ಕಂಡವರ ಮುಂದೆ, "ನಮ್ಮ ನೇತ್ರಾ ಅಗದಿ ನನ್ನಂಗ ನೋಡ್ರಿ, ಉಪಾಸ ಅಂದ್ರ ನೀರ ಸೈತ ಕುಡಿಯಂಗಿಲ್ಲ" ಎಂದು ಹೇಳಿಕೊಂಡು ತಿರುಗಿದಳು. ಸೋಮವಾರದ ಜೊತೆ ಗುರುವಾರ ಸೇರಿತು. ಆಮೇಲೆ ರಾತ್ರಿಯೂಟ ಹೋಯಿತು. ಸಾಲೆಗೆ ಕಟ್ಟಿಕೊಟ್ಟ ಬುತ್ತಿ ಕಟ್ಟಿದ ಹಾಗೆಯೇ ತಿರುಗಿ ಬರತೊಡಗಿತು. ಕಡೆಗೊಂದು ಮುಂಜಾನೆ ಸಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದವಳು ಹಾಗೆಯೇ ಕುಸಿದು ಬಿದ್ದಳು. ಮೈಯಲ್ಲಿ ರಕ್ತ ಇಲ್ಲ, ತಿಂಗಳ ಮುಟ್ಟು ನಿಂತಿದೆ, ಹೊಟ್ಟೆ ತುಂಬ ಉಣ್ಣದಿದ್ದರೆ ಈ ಹುಡುಗಿ ಕೈ ಬಿಟ್ಟು ಹೋಗುತ್ತಾಳೆ ಎಂದು ಡಾಕ್ಟರಬಾಯಿ ಗದರಿಸಿ ಕಳಿಸಿದಳು.

ಮನೆಗೆ ಬಂದ ಮಲ್ಲಮ್ಮ ಚೀಲವನ್ನು ಕಟ್ಟೆಯ ಮೇಲೆ ಒಗೆದು ಅತ್ತೆಯ ಮುಂದೆ ನಿಂತಳು.

"ಹೊಗಳ್ರಿ ಅತ್ತಿ, ಇನ್ನೂ ಹೊಗಳ್ರಿ. ನಳದ ಮುಂದ ಹೋಗಿ ಹೇಳ್ರಿ, ನನ್ನ ಮೊಮ್ಮಗಳ ಎಲುಬ ಹ್ಯಾಂಗ ಕಾಣತಾವು ಬಂದ ನೋಡ್ರಿ ಅಂತ."

"ನಾ ಏನ ಉಣಬ್ಯಾಡ ಅಂದಿದ್ನೇನ?"

"ಉಣ್ಣು ಅಂತ ಯಾವತ್ತ ಅಂದೀರಿ?"

ದುರಗವ್ವ ಕಟ್ಟೆಯ ಮೇಲಿನ ಚೀಲ ಎತ್ತಿಕೊಂಡು ಒಳಗೆ ಹೋದಳು.

ಯಲ್ಲೇಶ ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿದ. "ನಿಮ್ಮ ಆಯಿದ ಹರಕಿ ಐತಿ. ನಿಂದೇನ ಬೇ?"

"ನಂದೂ ಹರಕಿ."

"ಯಾ ದೇವ್ರಿಗೆ?"

ನೇತ್ರಾ ನೆಲ ನೋಡಿದಳು. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ.

ಮರುದಿನ ಬಿಸಿಲಿಗೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದ ದುರಗವ್ವನ ಕೈಗೆ ಕೂದಲು ಮುದ್ದೆ ಮುದ್ದೆಯಾಗಿ ಬಂತು. ಆಗ ಹುಡುಗಿ ಅತ್ತಕಡೆ ಮುಖ ಮಾಡಿಕೊಂಡೇ ಹೇಳಿದಳು. ಅವ್ವನ ಅಕ್ಕನ ಮಗಳ ಮದುವೆಯಲ್ಲಿ ಆ ದೊಡ್ಡವ್ವ ಎಲ್ಲರ ಮುಂದೆ, "ನೇತ್ರಾ ಅಗದಿ ಎಮ್ಮಿ ಆಗ್ಯಾಳಲ್ಲ, ಈಕಿಗಿ ಸೀರಿ ಎರಡ ಬೇಕು" ಅಂದಿದ್ದಳು. ಎಲ್ಲರೂ ನಕ್ಕರು. ಅವ್ವ ನಕ್ಕಳು. ಆಯಿ ಕೂಡ ನಕ್ಕಿದ್ದಳು.

"ಅದೊಂದ ಚ್ಯಾಷ್ಟಿ ಮಾತು. ಅಷ್ಟಕ್ಕ ಯಾರರೆ ಅನ್ನ ಬಿಡ್ತಾರೇನ?"

"ಮೊದಲ ಅದಕ್ಕ ಬಿಟ್ಟೆ. ಈಗ ಅದಕ್ಕಲ್ಲ." ನೇತ್ರಾ ಉದುರಿದ ಕೂದಲನ್ನು ಬೆರಳಿಗೆ ಸುತ್ತಿಕೊಂಡಳು. "ಹಸಿವು ತಡಕೊಂಡ ಮಲಗಿದ್ರ ನಾ ಎಲ್ಲಾರಕಿಂತ ಗಟ್ಟಿ ಅದೀನಿ ಅನ್ನಸ್ತೈತಿ, ಆಯಿ. ಉಂಡ ದಿನಾ ನನ್ನ ಕಂಡ್ರ ನನಗ ಹೇಸಿಕಿ ಬರ್ತೈತಿ. ನಿನಗ ಹಂಗ ಆಗಂಗಿಲ್ಲೇನು?"

"ನಂದ ಬ್ಯಾರೆ. ನಂದ ದೇವ್ರಿಗೆ ಕೊಟ್ಟ ಮಾತ" ಎಂದಳು ದುರಗವ್ವ. ಹೇಳಿದಳೇ ಹೊರತು ಕೂದಲೊಳಗಿನ ಹಣಿಗೆ ಮುಂದೆ ಸರಿಯಲಿಲ್ಲ. ತನ್ನ ಎದೆಯ ಒಳಗಿನದು ಈ ಕೂಸಿನ ಬಾಯಿಗೆ ಹೇಗೆ ಬಂತು?

"ಹಂಗಾರ ನೀ ರಾತ್ರಿ ಉಣ್ಣು, ನಾನೂ ಉಣ್ತೀನಿ" ಎಂದು ಹುಡುಗಿ ಎದ್ದು ಹೋದಳು. ಆಯಿ ಉಣ್ಣುವುದಿಲ್ಲ ಎಂಬ ಧೈರ್ಯದಿಂದಲೇ ಆಡಿದ ಮಾತು ಅದು. ದುರಗವ್ವನಿಗೂ ಅದು ತಿಳಿಯಿತು.

ಹತ್ತಿ ಬಿಡಿಸುವಾಗ ಬಾಜೂ ಸಾಲಿನಲ್ಲಿದ್ದ ಜಮೀಲಾಬಿಯ ಹತ್ತಿರ ದುರಗವ್ವ ಮೆಲ್ಲಗೆ ಮಾತು ತೆಗೆದಳು. ಇಬ್ಬರೂ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಗೆಳತಿಯರು; ನೇತ್ರಾ ಸಾಲೆಯಲ್ಲಿ ಬಿದ್ದದ್ದು ಜಮೀಲಾಬಿಗೂ ಗೊತ್ತಿತ್ತು.

"ಜಮೀಲಾಬಿ, ದರ್ಗಾದಾಗ ಕೊಟ್ಟ ಮಾತ ತಿರುಗಿ ತಗೋಳಾಕ ಬರತೈತೇನ?"

"ಯಾಕ, ಹಸಿವಾತೇನ ಕಡೀಕೊಮ್ಮೆ?" ಜಮೀಲಾಬಿ ನಕ್ಕಳು. ಗೆಳತಿಯ ಮುಖ ನೋಡಿ ನಗು ಬಿಟ್ಟಳು. "ನಾವು ರೋಜಾ ಹಿಡೀತೀವಿ. ಸಂಜೀಕ ಬಿಡ್ತೀವೇನಿಲ್ಲ? ಬ್ಯಾನಿ ಬಿದ್ದಾಕಿಗೆ, ಬಸರ ಹೆಂಗಸಿಗೆ ಮಾಫಿ ಐತಿ. ಕೂಸಿನ ಸಲುವಾಗಿ ನಿನಗ ಮಾಫಿ ಇಲ್ಲಂತ ಯಾರ ಹೇಳಿದ್ರು? ಪೀರಸಾಹೇಬ ನಿನ್ನ ರೊಟ್ಟಿ ಎಣಸ್ಕೋತ ಕುಂತಾನಂತ ತಿಳದೀ ಏನ?"

"ಯಲ್ಲೇಶಗ ಏನರೆ ಆದ್ರ?"

ಜಮೀಲಾಬಿ ಕೈಯಲ್ಲಿದ್ದ ಹತ್ತಿಯನ್ನು ಉಡಿಗೆ ಹಾಕಿಕೊಂಡಳು. "ಅದನ್ನ ನಾ ಹ್ಯಾಂಗ ಹೇಳ್ಲಿ ದುರಗವ್ವಾ" ಎಂದಳು. ಅಷ್ಟೇ.

ಎಳ್ಳಮಾವಾಸ್ಯೆ ಬಂತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ, ಮೊಸರನ್ನ ಎಲ್ಲ ಬುಟ್ಟಿಯಲ್ಲಿ ತುಂಬಿ ಹೊಲಕ್ಕೆ ಹೋದರು. ಯಲ್ಲೇಶ ಮಾತ್ರ ಮುಂಜಾನೆಯೇ ಹತ್ತಿಯ ಲೋಡು ಹೇರಿಕೊಂಡು ಅಣ್ಣಿಗೇರಿಗೆ ಹೋಗಿದ್ದ. ಪೂಜೆಯಾದ ಮೇಲೆ ಭೂಮಿತಾಯಿಗೆ ಚರಗ ಚೆಲ್ಲಬೇಕು, ಮಾಡಿದ ಅಡಿಗೆಯಲ್ಲಿ ಎಲ್ಲದರದೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ತೂರುತ್ತ ಹೋಗಬೇಕು. "ಈ ಸಲ ನಾ ಚೆಲ್ಲತೀನಿ" ಎಂದು ನೇತ್ರಾ ತಾನಾಗಿಯೇ ಬಂದಳು. ಮಲ್ಲಮ್ಮನ ಮುಖ ಅರಳಿತು. ಹುಡುಗಿ ತನ್ನ ತಾಟಿಗೂ ತಾನೇ ಬಡಿಸಿಕೊಂಡಳು, ಕಡುಬು, ರೊಟ್ಟಿ, ಪಲ್ಯ, ಅನ್ನ, ತುಂಬ ತುಂಬ. "ತಿನಕೋತ ಚೆಲ್ಲತೀನಿ ಬೇ ಅವ್ವಾ" ಎಂದು ಹೇಳಿ ಚರಗದ ಬುಟ್ಟಿಯನ್ನು ಬಗಲಲ್ಲಿ ಇಟ್ಟುಕೊಂಡು, ಒಂದು ಕೈಯಲ್ಲಿ ತಾಟು ಹಿಡಿದು ಜೋಳದ ಸಾಲಿನೊಳಗೆ ಹೋದಳು.

ದುರಗವ್ವ ಸೊಪ್ಪು ಹರಿಯುವ ನೆವದಲ್ಲಿ ಹಿಂದೆ ಹೋದಳು. ಆಳೆತ್ತರದ ಜೋಳದ ಮರೆಯಲ್ಲಿ ಹುಡುಗಿ ಚರಗ ತೂರುವ ಕೈಯಿಂದಲೇ ತನ್ನ ತಾಟಿನ ಕಡುಬನ್ನು ಮುರಿದು ತೂರುತ್ತಿದ್ದಳು. ರೊಟ್ಟಿಯನ್ನು ಚೂರು ಮಾಡಿ ತೂರಿದಳು. ಕಡೆಗೆ ಬರಿದಾದ ತಾಟಿನಲ್ಲಿ ಉಳಿದ ಪಲ್ಯದ ಎಣ್ಣೆಯನ್ನು ಬೆರಳಿಂದ ಸವರಿ, ಅದೇ ಬೆರಳನ್ನು ತುಟಿಗೆ ಒರೆಸಿಕೊಂಡಳು. ಉಂಡವಳ ತುಟಿ ಹಾಗೆ ಕಾಣಬೇಕಲ್ಲ.

ದುರಗವ್ವ ಜೋಳದ ದಂಟು ಹಿಡಿದು ಅಲ್ಲೇ ನಿಂತಳು. ದೇವರಿಗೆ ಕೊಡುವ ಕೈಯಲ್ಲೇ ಹುಡುಗಿ ತನ್ನನ್ನು ತಾನು ಉಪವಾಸ ಕೆಡವುತ್ತಿದ್ದಳು. ಹೀಗೂ ಮಾಡಬಹುದು ಎಂದು ಆ ಮನೆಯಲ್ಲಿ ಯಾರನ್ನು ನೋಡಿ ಕಲಿತಳು ಎಂದು ಕೇಳುವ ಹಾಗೂ ಇರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಮಲ್ಲಮ್ಮ ಬುತ್ತಿಯಲ್ಲಿ ಉಳಿದದ್ದನ್ನು ಬಿಸಿ ಮಾಡುತ್ತಿದ್ದಳು. ದುರಗವ್ವ ಎದ್ದು ಎರಡು ತಾಟು ತಂದು ಒಲೆಯ ಮುಂದೆ ಇಟ್ಟಳು. "ಒಂದ ಆಕಿಗಿ, ಒಂದ ನನಗ."

ಮಲ್ಲಮ್ಮನ ಕೈಯಲ್ಲಿದ್ದ ಸವುಟು ನಿಂತಿತು. "ನಿಮಗ? ಅತ್ತಿ, ಹೊತ್ತ ಮುಳಗೈತ್ರಿ."

"ಗೊತ್ತೈತಿ."

"ಅವರು ಗಾಡಿ ಮ್ಯಾಲ ಅದಾರ್ರಿ!" ಸೊಸೆ ಬಂದು ಅತ್ತೆಯ ಮುಂಗೈ ಹಿಡಿದುಕೊಂಡಳು. ಇಷ್ಟು ದಿನ ಒಪ್ಪತ್ತಿನ ಮೇಲೆ ಸಿಡುಕುತ್ತಿದ್ದ ಬಾಯಿ ಈಗ ಬೇಡಿಕೊಳ್ಳುತ್ತಿತ್ತು. "ಅವರ ಮನಿಗೆ ಬರ್ಲಿ. ನಾಳಿಗಿಂದ ಉಣ್ರಿ, ನಿಮ್ಮ ಕಾಲ ಬೀಳ್ತೀನಿ. ಇವತ್ತೊಂದ ದಿನ ಬ್ಯಾಡ್ರಿ."

ನೇತ್ರಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. "ನೋಡು, ನೀ ಉಣ್ಣಂಗಿಲ್ಲ" ಎಂದಳು. ಆ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಯಾರಾದರೂ ಬಂದು ತನ್ನನ್ನು ಸೋಲಿಸಲಿ ಎಂದು ಕಾಯುವವಳ ಹಾಗಿತ್ತು.

ದುರಗವ್ವ ಸೊಸೆಯ ಕೈ ಬಿಡಿಸಿದಳು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು. ತುತ್ತು ಕೆನ್ನೆಯಲ್ಲೇ ಉಳಿಯಿತು. ಕಣ್ಣ ಮುಂದೆ ಪಲ್ಟಿಯಾದ ಗಾಡಿ, ರಸ್ತೆಯ ತುಂಬ ಬಿಳಿ ಹತ್ತಿ. ನೀರು ಕುಡಿದು ತುತ್ತನ್ನು ಒಳಗೆ ನೂಕಿದಳು. ಎರಡನೆಯ ತುತ್ತು ಮುರಿದಳು. ಮಲ್ಲಮ್ಮ ಫೋನು ಹಿಡಿದು ಹೊರಗೆ ಓಡಿದಳು. ಗಂಡನ ಫೋನು ಹತ್ತಲಿಲ್ಲ. ಮತ್ತೆ ಒತ್ತಿದಳು, ಹತ್ತಲಿಲ್ಲ.

"ಆಯಿ, ಸಾಕು ಬಿಡು" ಎಂದಳು ನೇತ್ರಾ. ಈಗ ಆಕೆಯೂ ಹೆದರಿದ್ದಳು.

"ನಾ ಅಂಜಕೋತನ ಉಣ್ಣಾಕತ್ತೀನಿ. ನೀನೂ ಅಂಜಕೋತನ ಉಣ್ಣು ಬಾ."

ಹುಡುಗಿ ಬಂದು ಕೂತಳು. ಬಹಳ ಹೊತ್ತು ತಾಟು ನೋಡಿದಳು. ಮೊಸರನ್ನದ ಒಂದು ತುತ್ತು, ಇನ್ನೊಂದು ತುತ್ತು. ಆಮೇಲೆ ಮಂಡಿಯೊಳಗೆ ಮುಖ ಇಟ್ಟು ಅತ್ತಳು. ದುರಗವ್ವ ಸಮಾಧಾನ ಮಾಡಲು ಹೋಗಲಿಲ್ಲ. ಎಡಗೈಯನ್ನು ಆಕೆಯ ಬೆನ್ನ ಮೇಲೆ ಇಟ್ಟು ಬಲಗೈಯಲ್ಲಿ ಉಣ್ಣುತ್ತ ಕೂತಳು. ಬೆನ್ನೆಲುಬಿನ ಒಂದೊಂದು ಗಂಟೂ ಕೈಗೆ ಹತ್ತುತ್ತಿತ್ತು.

ತಾಟು ತೊಳೆದಿಟ್ಟ ಮೇಲೆ ಯಲ್ಲೇಶನೇ ಫೋನು ಮಾಡಿದ. ಮಿಲ್ಲಿನ ಮುಂದೆ ಗಾಡಿಗಳ ಸಾಲು ಹತ್ತಿದೆ, ಚಾರ್ಜು ಹೋಗಿತ್ತು, ಬರುವುದು ನಾಳೆ. ಮಲ್ಲಮ್ಮ ಬಿಕ್ಕುತ್ತಲೇ ಫೋನನ್ನು ಅತ್ತೆಯ ಕೈಗೆ ಕೊಟ್ಟಳು.

"ಯಾಕಬೇ ಯವ್ವಾ, ಈಕಿ ಯಾಕ ಅಳಾಕತ್ತಾಳ? ಊಟ ಆತೇನ ಎಲ್ಲಾರದು?"

"ಆತು. ನಂದೂ ಆತು."

ಆ ಕಡೆ ಗಾಡಿಗಳ ಹಾರ್ನ್ ಬಡಿದುಕೊಳ್ಳುತ್ತಿತ್ತು. ಯಲ್ಲೇಶ, "ಛಲೋ ಆತು" ಎಂದ. "ಹುಷಾರಿಂದ ಬಾರೋ" ಎಂದು ದುರಗವ್ವ ಫೋನನ್ನು ಸೊಸೆಯ ಕೈಗೆ ಕೊಟ್ಟಳು. ಅಂವ ಮರುದಿನ ಬಂದು ಅಂಗಳದಲ್ಲಿ ಗಾಡಿ ನಿಲ್ಲಿಸುವ ತನಕ ಆಕೆಯ ಎದೆ ಬಡಿತ ಇಳಿಯಲಿಲ್ಲ. ಅಂದು ಇಳಿದದ್ದು ಅಂವ ಮತ್ತೆ ಗಾಡಿ ಹತ್ತಿದಾಗ ಮತ್ತೆ ಏರಿತು.

ಒಂದು ಸಂಜೆಗೆ ಎಲ್ಲ ಸರಿಹೋಗಲಿಲ್ಲ. ಪುಷ್ಯ ಮಾಸದ ಚಳಿಯಲ್ಲಿ ನೇತ್ರಾ ಕೆಲವು ದಿನ ಉಂಡಳು, ಕೆಲವು ದಿನ ತಾಟು ಸರಿಸಿ ಗೋಡೆಗೆ ಮುಖ ಮಾಡಿ ಮಲಗಿದಳು. ಡಾಕ್ಟರಬಾಯಿ ತೂಕಕ್ಕೆ ನಿಲ್ಲಿಸಿದರೆ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆಕೆ ಉಣ್ಣದ ದಿನವೂ ದುರಗವ್ವ ಉಣ್ಣುತ್ತಾಳೆ, ಆಕೆಗೆ ಕಾಣುವ ಹಾಗೆ ಕೂತು. ರೂಢಿ ತಪ್ಪಿದ ಹೊಟ್ಟೆ ನೋಯುತ್ತದೆ. ಉಂಡ ಮೇಲೆ ಹಾಸಿಗೆಯಲ್ಲಿ, ನಾನು ಮೊದಲಿನ ದುರಗವ್ವ ಅಲ್ಲ, ಎಲ್ಲರಂತೆ ತಿನ್ನುವ ಒಬ್ಬ ಮುದುಕಿ ಎಂದು ಅನ್ನಿಸಿ ನಾಚಿಕೆಯಾಗುತ್ತದೆ. ನಳದ ಹತ್ತಿರ, "ಹರಕಿ ಮುರಿದ್ಲಂತ" ಎಂದು ಆಡಿಕೊಳ್ಳುವುದೂ ಕಿವಿಗೆ ಬಿದ್ದಿದೆ.

ಮೊನ್ನೆ ಗಾಳಿ ಜೋರಿದ್ದ ಒಂದು ಸಂಜೆ ಮಲ್ಲಮ್ಮ ಇನ್ನೂ ಹೊಲದಿಂದ ಬಂದಿರಲಿಲ್ಲ. ನೇತ್ರಾ ಒಲೆಯ ಮುಂದೆ ಕೂತು ಓದುತ್ತಿದ್ದಳು. ದುರಗವ್ವ ಕೌದಿಯೊಳಗಿಂದಲೇ, "ನನಗ ಹಸಿವಾಗೈತಿ ಬೇ" ಎಂದಳು. ಅಂದ ಮೇಲೆ ತಾನೇ ಬೆಚ್ಚಿದಳು.

ನೇತ್ರಾ ಪುಸ್ತಕ ಮುಚ್ಚಿ, ಅನ್ನದ ಬೋಗುಣಿ ತೆಗೆದು ತಾಟಿಗೆ ಬಡಿಸಲು ನಿಂತಳು. "ಎಷ್ಟ ಹಾಕ್ಲಿ?"

ದುರಗವ್ವನಿಗೆ ತಿಳಿಯಲಿಲ್ಲ. ಅಷ್ಟು ವಯಸ್ಸಾದರೂ ಎಷ್ಟಾದರೆ ತನಗೆ ಸಾಕು ಎಂಬುದೇ ಗೊತ್ತಿರಲಿಲ್ಲ.

"ಹಾಕ್ಕೋತ ಹೋಗು" ಎಂದಳು. "ಸಾಕಾದಾಗ ಹೇಳ್ತೀನಿ. ಆಮ್ಯಾಲ ನಿಂದ ತಾಟ ತಾ, ನಾ ಹಾಕ್ತೀನಿ. ನೀನೂ ಹೇಳು."

ಹುಡುಗಿ ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ. ಸವುಟು ತುಂಬಿ ಹಾಕಿದಳು.